ಆಟೋ ಬಂದೂಕಿನಲ್ಲಿ ಬರ್ಸ್ಟ್ (ಒಂದೇ ಒತ್ತಿಗೆ ಸಾಲಾಗಿ ಹೊರಡುವ ಗುಂಡುಗಳು) ಹಿಡಿತಕ್ಕೆ ಬರುವುದು ಹೇಗೆ? ಎಕೆ, ಕಾರ್ಬೈನ್, ಎಲ್‌ಎಂಜಿ (ಹಗುರ ಮೆಷಿನ್ ಗನ್) ಬಲ್ಲವರು ಹೇಳಿ

ನೀರ್ಚಾಲು_ತೋಟ

ನಮ್ಮ ಕಡೆಯ ಕೆಲವು ಹುಡುಗರು ಅರೆಸೇನಾ ಪಡೆಗೆ ಆಯ್ಕೆಯಾಗಿ ಟ್ರೈನಿಂಗಿಗೆ ಹೊರಟಿದ್ದಾರೆ. ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹೊಡೆದ ಅಭ್ಯಾಸ ಉಂಟು, ಆಟೋ (ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇರುವಂಥದ್ದು) ಮುಟ್ಟಿದವರಿಲ್ಲ. ಉಪ್ಪಳ, ಕುಂಬಳೆ ಕಡೆಯಿಂದ ವಿಯೆಟ್ನಾಂ ಪ್ರವಾಸ ಹೋಗುವವರೂ ಇದೇ ವಿಚಾರ ಕೇಳುತ್ತಾರೆ. ಕೂ ಚಿ ಸುರಂಗಗಳ ಪಕ್ಕದ ರೇಂಜಿನಲ್ಲಿ ದುಡ್ಡು ಕೊಟ್ಟರೆ ಎಕೆ-47 ಹೊಡೆಯಲು ಬಿಡುತ್ತಾರಲ್ಲ, ಅದಕ್ಕೆ.

ಮೊದಲ ಗುಂಡು ಟಾರ್ಗೆಟಿಗೆ ಬಿದ್ದು ಉಳಿದದ್ದೆಲ್ಲ ಆಕಾಶಕ್ಕೆ ಹೋಗುವುದು ಎಂತಕ್ಕೆ? ಕೈಯಲ್ಲಿ ಹಿಡಿದು ನಿಲ್ಲಿಸಲು ಆಗುತ್ತದೋ? ಮಧ್ಯದಲ್ಲಿ ನಿಂತುಹೋದರೆ ಎಂತ ಮಾಡಬೇಕು? ಸಿನೆಮಾ ನೋಡಿ ಹೇಳುವವರು ಬೇಡ, ಕೆಲಸ ಗೊತ್ತಿದ್ದವರು ಬರೆಯಿರಿ.

ಅಡೂರು_ಮಾಜಿ_ಹವಾಲ್ದಾರ್

ಮೊದಲು ಲೆಕ್ಕ ತಲೆಯಲ್ಲಿ ಕೂರಬೇಕು. ಎಕೆ-47 ನಿಮಿಷಕ್ಕೆ ಸುಮಾರು 600 ಗುಂಡಿನ ವೇಗದಲ್ಲಿ ಓಡುತ್ತದೆ, ಅಂದರೆ ಸೆಕೆಂಡಿಗೆ 10. ಮ್ಯಾಗಜಿನ್ 30ರದ್ದು. ಟ್ರಿಗರ್ ಒತ್ತಿಯೇ ಹಿಡಿದರೆ 3 ಸೆಕೆಂಡಿನಲ್ಲಿ ಖಾಲಿ. ನಿಮಿಷಕ್ಕೆ 600 ಎನ್ನುವುದು ಯಂತ್ರದ ಓಟ ಮಾತ್ರ, ಯಾರೂ ನಿಮಿಷಕ್ಕೆ 600 ಹೊಡೆಯುವುದಿಲ್ಲ.

ಎರಡು ಗುಂಡುಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ. ಸದ್ದು ಕೇಳಿ ಬೆರಳು ಬಿಡಲು ಮನುಷ್ಯನಿಗೆ ಅದರ ಎರಡು ಪಟ್ಟು ಸಮಯ ಬೇಕು. "ಮೂರು ಬಿದ್ದ ಮೇಲೆ ಬಿಡುತ್ತೇನೆ" ಎಂದು ಸದ್ದು ಕಾದು ಕುಳಿತರೆ ಐದು ಹೋಗಿರುತ್ತದೆ. ಹಾಗಾಗಿ ಬರ್ಸ್ಟ್ ಎಷ್ಟು ಉದ್ದ ಎನ್ನುವುದನ್ನು ಒತ್ತುವ ಮೊದಲೇ ನಿಶ್ಚಯಿಸಬೇಕು. ಒತ್ತುವುದು ಮತ್ತು ಬಿಡುವುದು ಎರಡು ಕೆಲಸವಲ್ಲ, ಬೆರಳಿನ ಒಂದೇ ಚಲನೆ. ಎಕೆಯಲ್ಲಿ ಇದು ಕೈಗೆ ಹತ್ತಿದವನು ಎರಡು ಮೂರರ ಬರ್ಸ್ಟ್ ಮಾತ್ರ ಹೊಡೆಯುತ್ತಾನೆ. ಅದೇ ಬೇಕಾದದ್ದು.

ಇನ್ನು ಬ್ಯಾರೆಲ್ ಏರುವುದಕ್ಕೆ ಕಾರಣ: ಗುಂಡು ಹೋಗುವ ಗೆರೆ ಬಟ್ಟು (ಬಂದೂಕಿನ ಹಿಂತುದಿ) ಭುಜಕ್ಕೆ ತಾಗುವ ಜಾಗಕ್ಕಿಂತ ಮೇಲೆ ಇರುತ್ತದೆ. ಹಿಂದಕ್ಕೆ ತಳ್ಳಿದಾಗಲೆಲ್ಲ ಮೂತಿ ಮೇಲೇಳುತ್ತದೆ. ಬಲಗೈಯವನ ಭುಜ ಹಿಂದೆ ತಿರುಗುವುದರಿಂದ ಸ್ವಲ್ಪ ಬಲಕ್ಕೂ ಓಡುತ್ತದೆ. ಒಂದೊಂದೇ ಹೊಡೆದರೆ ಮತ್ತೆ ಶಿಸ್ತ್ (ಗುರಿ) ಕಟ್ಟಲು ಹೊತ್ತು ಸಿಗುತ್ತದೆ. ಆಟೋದಲ್ಲಿ ಎರಡನೇ ಗುಂಡು ಏರಿದ ಜಾಗದಿಂದಲೇ ಹೊರಟು ಇನ್ನಷ್ಟು ಏರಿಸುತ್ತದೆ. ಎಕೆ-47ರ ಸುಧಾರಿತ ಮಾದರಿ ಎಕೆಎಂ ಬಂದಾಗ ಮೂತಿಗೆ ಓರೆಯಾಗಿ ಕತ್ತರಿಸಿದ ತುಂಡು ಹಾಕಿದ್ದು ಇದಕ್ಕೇ. ಹೊರಬರುವ ಗ್ಯಾಸ್ ಮೂತಿಯನ್ನು ಕೆಳಕ್ಕೆ, ಎಡಕ್ಕೆ ಒತ್ತುತ್ತದೆ. ಸಹಾಯ ಆಗುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಟ್ರೈನಿಂಗಿನಲ್ಲಿ ಮಜಬೂತ್ ಪಕಡ್ (ಗಟ್ಟಿ ಹಿಡಿತ), ದುರುಸ್ತ್ ಶಿಸ್ತ್ (ಸರಿಯಾದ ಗುರಿ), ಟ್ರಿಗರ್ ಆಪರೇಶನ್ ಎಂದು ಬಾಯಿಪಾಠ ಮಾಡಿಸುತ್ತಾರೆ. ಆಟೋದಲ್ಲಿ ಪಕಡ್ ಎಂದರೆ ಮುಷ್ಟಿ ಬಿಗಿಯುವುದಲ್ಲ. ಮುಷ್ಟಿ ಬಿಗಿದರೆ ಬೆರಳೂ ಬಿಗಿಯಾಗಿ ಬಿಡುವುದು ತಡವಾಗುತ್ತದೆ. ನಿಂತು ಹೊಡೆಯುವುದಾದರೆ ಎಡಗಾಲು ಮುಂದೆ, ಮಂಡಿ ಸ್ವಲ್ಪ ಬಾಗಿ, ಎದೆ ಮುಂದಕ್ಕೆ, ಮೈಭಾರ ಎಡ ಪಾದದ ಮೇಲೆ. ಹಿಂದಕ್ಕೆ ವಾಲಿ ನಿಂತವನನ್ನು ಎರಡನೇ ಗುಂಡೇ ಹಿಂದಕ್ಕೆ ತಳ್ಳುತ್ತದೆ. ಬಟ್ಟು ಭುಜದ ಮೂಳೆಯ ಮೇಲಲ್ಲ, ಅದರ ಒಳಗಿನ ಗುಳಿಯಲ್ಲಿ. ಎಡಗೈ ಹ್ಯಾಂಡ್‌ಗಾರ್ಡನ್ನು (ಬ್ಯಾರೆಲಿನ ಮೇಲಿನ ಹಿಡಿಯನ್ನು) ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಎಳೆದು ಹಿಡಿದಿರಬೇಕು. ಕೆನ್ನೆ ಬಟ್ಟಿಗೆ ಅಂಟಿರಬೇಕು, ಎತ್ತಿದರೆ ಶಿಸ್ತ್ ಹೋಯಿತು.

ಮಲಗಿ ಹೊಡೆಯುವಾಗ ಮೈ ಆಯುಧದ ಹಿಂದೆ ಸಾಧ್ಯವಾದಷ್ಟು ನೇರ ಇರಲಿ. ಒಂಟಿ ಗುಂಡಿಗೆ ಓರೆಯಾಗಿ ಮಲಗುವ ಅಭ್ಯಾಸ ಇದ್ದವರು ಆಟೋದಲ್ಲಿಯೂ ಹಾಗೇ ಮಲಗುತ್ತಾರೆ, ಬರ್ಸ್ಟ್ ಓರೆಯಾಗಿ ಓಡುತ್ತದೆ.

ಕುಂಬಳೆ_ಕೋಟೆ

ಹವಾಲ್ದಾರ್ರೇ, ನಮ್ಮ ಸೇನೆಯ ದೇಶೀ ರೈಫಲ್ ಇನ್ಸಾಸಿನಲ್ಲಿ ಮೂರು ಗುಂಡಿಗೆ ತಾನೇ ನಿಲ್ಲುವ ಬರ್ಸ್ಟ್ ಉಂಟಲ್ಲ. ಬೆರಳಿಗೆ ಕಲಿಸುವ ಬದಲು ಯಂತ್ರವೇ ಲೆಕ್ಕ ಮಾಡಿದರೆ ಒಳ್ಳೆಯದಲ್ಲವೋ?

ಅಡೂರು_ಮಾಜಿ_ಹವಾಲ್ದಾರ್

ರೈಫಲಿನಲ್ಲಿ ಮೂರರ ಬರ್ಸ್ಟ್ ಉಂಟು, ಪೂರ್ತಿ ಆಟೋ ಇಲ್ಲ. ಅದರ ಎಲ್‌ಎಂಜಿಯಲ್ಲಿ ಪೂರ್ತಿ ಆಟೋ ಉಂಟು. ಗುಂಡು ಉಳಿಯುವುದು ಹೌದು. ಆದರೆ ನನ್ನ ಅಭಿಪ್ರಾಯ ಬೇರೆ. ಮೂರಕ್ಕೆ ಯಂತ್ರ ನಿಲ್ಲಿಸುತ್ತದೆ ಎಂದು ಗೊತ್ತಾದವನು ಟ್ರಿಗರನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತಾನೆ, ಬಿಡುವುದನ್ನು ಕಲಿಯುವುದಿಲ್ಲ. ಅವನ ಕೈಗೆ ನಾಳೆ ಎಕೆ ಕೊಟ್ಟರೆ ಅರ್ಧ ಮ್ಯಾಗಜಿನ್ ಹೋಗುತ್ತದೆ. ಈಗ ಅಮೇಠಿ ಹತ್ತಿರದ ಕೊರ್ವಾದಲ್ಲಿ ತಯಾರಾಗುವ ಎಕೆ-203 ಬರುತ್ತಿದೆ, 2021ರ ಒಪ್ಪಂದದಂತೆ 6 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಪೂರ್ತಿ ಆಟೋ. ಬೆರಳಿಗೆ ಕಲಿಸದೆ ಬೇರೆ ದಾರಿ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಎಕೆಯ ಬಲಬದಿಯ ಲಿವರ್ ಮೇಲೆ ಇದ್ದರೆ ಸೇಫ್, ಮಧ್ಯದಲ್ಲಿ ಆಟೋ, ಪೂರ್ತಿ ಕೆಳಗೆ ಒಂಟಿ ಗುಂಡು. ಗಾಬರಿಯಲ್ಲಿ ಕೆಳಕ್ಕೆ ತಳ್ಳಿದವನಿಗೆ ಒಂಟಿ ಸಿಗುತ್ತದೆ. ಹಗುರಾಗಿ ಒಂದೇ ಕ್ಲಿಕ್ ಇಳಿಸಿದವನು ಆಟೋದಲ್ಲಿ ಇರುತ್ತಾನೆ. ಇನ್ಸಾಸಿನಿಂದ ಎಕೆಗೆ ಬದಲಾದವರು ಇದನ್ನು ಖಾಲಿ ಆಯುಧದಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಬೇಕು.

ಬದಿಯಡ್ಕ_ಆರ್ಮರರ್

ನಿಂತುಹೋಗುವ ವಿಚಾರ ನಾನು ಬರೆಯುತ್ತೇನೆ. ರೋಕ್ (ಆಯುಧ ನಡುವೆ ನಿಲ್ಲುವುದು) ಬಂದಾಗ ಹತ್ತರಲ್ಲಿ ಎಂಟು ಸಲ ನೋಡಬೇಕಾದ್ದು ಮ್ಯಾಗಜಿನ್. ಎಕೆಯ ಮ್ಯಾಗಜಿನ್ ನೇರ ಮೇಲಕ್ಕೆ ತಳ್ಳುವಂಥದ್ದಲ್ಲ. ಮುಂದಿನ ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಆಮೇಲೆ ಹಿಂಬದಿಯನ್ನು ಮೇಲಕ್ಕೆ ತಿರುಗಿಸಿ "ಟಕ್" ಎನ್ನುವ ತನಕ ಕೂರಿಸಬೇಕು. ಹಿಂದಿನ ಕ್ಯಾಚ್ ಅರ್ಧ ಕೂತಿದ್ದರೆ ಮೊದಲ ಗುಂಡು ಹೋಗುತ್ತದೆ, ಆ ಅದುರಿಗೆ ಮ್ಯಾಗಜಿನ್ ಕೂದಲೆಳೆಯಷ್ಟು ಇಳಿಯುತ್ತದೆ, ಎರಡನೇ ಸಲ ಬೋಲ್ಟ್ (ರೌಂಡನ್ನು ಮುಂದಕ್ಕೆ ತಳ್ಳಿ ಮುಚ್ಚುವ ತುಂಡು) ರೌಂಡಿನ (ತೋಟೆಯ) ತಲೆ ಮೇಲಿಂದ ಜಾರಿ ಖಾಲಿ ಛೇಂಬರಿಗೆ (ರೌಂಡ್ ಕೂರುವ ಜಾಗಕ್ಕೆ) ಮುಚ್ಚಿಕೊಳ್ಳುತ್ತದೆ. ಹೊಸಬ "ಮಿಸ್ ಫಾಯರ್" ಎನ್ನುತ್ತಾನೆ. ಅಲ್ಲ, ಛೇಂಬರಿನಲ್ಲಿ ಗುಂಡೇ ಇಲ್ಲ. ಹಾಕಿದ ಮೇಲೆ ಒಮ್ಮೆ ಮುಂದಕ್ಕೆ ಹಿಂದಕ್ಕೆ ಎಳೆದು ನೋಡುವುದು ಅದಕ್ಕೇ.

ತುಟಿ ಬಗ್ಗಿದ ಮ್ಯಾಗಜಿನ್ ಎರಡು ರೌಂಡ್ ಒಟ್ಟಿಗೆ ಬಿಡುತ್ತದೆ. ಸ್ಪ್ರಿಂಗ್ ಸೋತದ್ದು ಕೊನೆಯ ಐದಾರು ರೌಂಡಿನಲ್ಲಿ ಕೈಕೊಡುತ್ತದೆ. ಹಳೆಯ ಬ್ರಿಟಿಷ್ ಎಲ್‌ಎಂಜಿ ಬ್ರೆನ್ನಿನ 30ರ ಮ್ಯಾಗಜಿನ್ನಿಗೆ 28 ತುಂಬುವ ಪದ್ಧತಿ ಬಂದದ್ದು ಸ್ಪ್ರಿಂಗಿಗೆ ಉಸಿರಾಡಲು ಜಾಗ ಇರಲಿ ಎಂದೇ. ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜಿನ್ 1999ರಲ್ಲಿ ಕಾರ್ಗಿಲ್ ಚಳಿಗೆ ಬಿರುಕು ಬಿಟ್ಟದ್ದು ಎಲ್ಲರಿಗೂ ಗೊತ್ತು. ಅದರ ಪಾರದರ್ಶಕ ಮೈಯಲ್ಲಿ ಉಳಿದ ರೌಂಡ್ ಕಾಣುವುದು ಮಾತ್ರ ನಿಜವಾದ ಉಪಕಾರ.

ರೋಕ್ ಬಂದರೆ ಫೌರಿ ಇಲಾಜ್ (ತಕ್ಷಣದ ಪರಿಹಾರ) ಹೀಗೆ. ಮೂತಿ ಟಾರ್ಗೆಟ್ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ. ಕಾಕಿಂಗ್ ಹ್ಯಾಂಡಲ್ (ಬೋಲ್ಟ್ ಎಳೆಯುವ ಹಿಡಿ) ಎಷ್ಟು ಹಿಂದೆ ನಿಂತಿದೆ ನೋಡಿ. ಪೂರ್ತಿ ಮುಂದಿದ್ದರೆ ಒಂದೋ ಛೇಂಬರ್ ಖಾಲಿ, ಇಲ್ಲವೋ ಟೋಪಿ (ಮದ್ದಿಗೆ ಕಿಡಿ ಕೊಡುವ ಭಾಗ) ಸಿಡಿಯಲಿಲ್ಲ. ನಡುವೆ ನಿಂತಿದ್ದರೆ ಖೋಖಾ (ಹೊಡೆದ ಖಾಲಿ ಕೊಳವೆ) ಸಿಕ್ಕಿಕೊಂಡಿದೆ ಅಥವಾ ಎರಡು ರೌಂಡ್ ಒಟ್ಟಿಗೆ ಏರಿದೆ. ಎರಡು ಏರಿದ್ದರೆ ಹ್ಯಾಂಡಲ್ ಬಲವಂತ ಎಳೆದು ಪ್ರಯೋಜನ ಇಲ್ಲ. ಮೊದಲು ಮ್ಯಾಗಜಿನ್ ತೆಗೆಯಿರಿ, ಒತ್ತಡ ಹೋದ ಮೇಲೆ ಹ್ಯಾಂಡಲ್ ಎಳೆದು ಬಿಡಿಸಿ.

ರೇಂಜಿನಲ್ಲಿ ಟೋಪಿಗೆ ಪೆಟ್ಟು ಬಿದ್ದೂ ಸಿಡಿಯದಿದ್ದರೆ ಕೂಡಲೇ ಬಿಚ್ಚಬೇಡಿ. ಆಯುಧ ಮುಂದಕ್ಕೆ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವ ಗುಂಡು ಇರುತ್ತದೆ.

ಎಲ್ಲಕ್ಕಿಂತ ಅಪಾಯದ್ದು "ಪುಸ್" ಎಂದು ಸಣ್ಣ ಸದ್ದು ಬರುವುದು. ಮದ್ದು ಪೂರ್ತಿ ಉರಿಯದೆ ಗುಂಡು ಬ್ಯಾರೆಲಿನ ಒಳಗೇ ಉಳಿದಿರಬಹುದು. ಒಂಟಿ ಗುಂಡಿನಲ್ಲಿ ಯೋಚಿಸಲು ಹೊತ್ತು ಸಿಗುತ್ತದೆ. ಆಟೋದಲ್ಲಿಯೂ ಇಂಥ ಗುಂಡು ಬಂದಾಗ ಆಯುಧ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಬೋಲ್ಟನ್ನು ಹಿಂದಕ್ಕೆ ತಳ್ಳುವಷ್ಟು ಗ್ಯಾಸ್ ಇರುವುದಿಲ್ಲವಲ್ಲ. ಕೆಡಿಸುವುದು ನಾವು. ರೋಕ್ ಎಂದುಕೊಂಡು ಅಭ್ಯಾಸಬಲದಿಂದ ಹ್ಯಾಂಡಲ್ ಎಳೆದು ಮತ್ತೆ ಒತ್ತಿದರೆ ಬ್ಯಾರೆಲ್ ಒಡೆಯುತ್ತದೆ. ಸದ್ದು, ಪೆಟ್ಟು ಎರಡೂ ಕಮ್ಮಿ ಅನಿಸಿದರೆ ಕೈ ಎತ್ತಿ, ಆರ್ಮರರನ್ನು (ಆಯುಧ ರಿಪೇರಿಯವನನ್ನು) ಕರೆಯಿರಿ. ಫೌರಿ ಇಲಾಜ್ ಅಲ್ಲಿಗೆ ಅಲ್ಲ.

ಹೊಸೂರು_ಗಡಿ

ಆರ್ಮರರ್ ಸರ್, ಟ್ರಿಗರ್ ಬಿಟ್ಟ ಮೇಲೂ ಗನ್ ಓಡುತ್ತಲೇ ಇರುವುದು ಉಂಟು ಎನ್ನುತ್ತಾರಲ್ಲ. ನಿಜವೇ? ಮುಟ್ಟದೆಯೇ ಗುಂಡು ಹಾರುವುದೂ ಉಂಟಂತೆ.

ಬದಿಯಡ್ಕ_ಆರ್ಮರರ್

ಎರಡೂ ನಿಜ, ಕಾರಣ ಬೇರೆ ಬೇರೆ.

ಮುಟ್ಟದೆ ಹಾರುವುದು ಬಿಸಿಯಿಂದ. ಎಕೆ, ಇನ್ಸಾಸ್, ಅಮೆರಿಕದ ಎಂ16 ಇವೆಲ್ಲ ಬೋಲ್ಟ್ ಮುಚ್ಚಿ ಹೊಡೆಯುವ ಆಯುಧಗಳು. ಹೊಡೆಯುವುದು ನಿಲ್ಲಿಸಿದಾಗ ಜೀವಂತ ರೌಂಡ್ ಛೇಂಬರಿನಲ್ಲೇ ಕೂತಿರುತ್ತದೆ. 5.56 ಎಂಎಂ ಗುಂಡಿನ ರೈಫಲಿನಲ್ಲಿ ಎರಡು ನಿಮಿಷದೊಳಗೆ 140-150 ರೌಂಡ್ ಓಡಿಸಿದರೆ ಛೇಂಬರಿನ ಕಾವಿಗೆ ಆ ರೌಂಡ್ ತಾನೇ ಸಿಡಿಯಬಹುದು. ಬಿಸಿ ಆಯುಧವನ್ನು ತುಂಬಿಸಿಟ್ಟು ಬದಿಗೆ ಇಡಬಾರದು.

ಬ್ರೆನ್, ಎಂಎಜಿ (ಬೆಲ್ಟ್ ಅಂದರೆ ರೌಂಡುಗಳ ಪಟ್ಟಿ ಊಡುವ ಮೆಷಿನ್ ಗನ್), ಸ್ಟರ್ಲಿಂಗ್ ಕಾರ್ಬೈನ್ ಇವು ಬೋಲ್ಟ್ ತೆರೆದು ನಿಲ್ಲುವಂಥವು. ಬೆರಳು ಬಿಟ್ಟಾಗ ಬೋಲ್ಟ್ ಹಿಂದೆ ಸಿಯರಿಗೆ (ಬೋಲ್ಟ್ ಹಿಡಿದಿಡುವ ಕೊಕ್ಕೆಗೆ) ಸಿಕ್ಕಿ ನಿಲ್ಲುತ್ತದೆ, ಛೇಂಬರ್ ಖಾಲಿ, ಗಾಳಿ ಆಡುತ್ತದೆ. ಹೆಚ್ಚು ಹೊತ್ತು ಹೊಡೆಯುವ ಗನ್‌ಗಳಿಗೆ ಈ ಏರ್ಪಾಡು ಇಟ್ಟದ್ದು ಅದಕ್ಕೇ. ಬ್ರೆನ್, ಎಂಎಜಿಯಂಥವುಗಳ ಕಷ್ಟ ಇನ್ನೊಂದು: ಗ್ಯಾಸ್ ದಾರಿಯಲ್ಲಿ ಇಂಗಾಲ ಕಟ್ಟಿ ಒತ್ತಡ ಕಮ್ಮಿಯಾದರೆ ಬೋಲ್ಟ್ ಅರ್ಧ ಹಿಂದೆ ಬರುತ್ತದೆ. ಹೊಸ ರೌಂಡ್ ಎತ್ತುವಷ್ಟು ಬಂದಿರುತ್ತದೆ, ಸಿಯರ್ ಹಿಡಿಯುವಷ್ಟು ಬಂದಿರುವುದಿಲ್ಲ. ಆಗ ಬೆರಳು ಬಿಟ್ಟರೂ ಓಡುತ್ತದೆ. ಸಿಯರ್ ಸವೆದಿದ್ದರೂ ಹಾಗೇ. ಆ ಹೊತ್ತಿಗೆ ಮಾಡಬೇಕಾದ್ದು ಒಂದೇ, ಮೂತಿಯನ್ನು ಟಾರ್ಗೆಟಿನ ಹಿಂದಿನ ಮಣ್ಣಿನ ದಿಬ್ಬದ ಕಡೆಗೆ ಗಟ್ಟಿ ಹಿಡಿದಿರುವುದು. ಮ್ಯಾಗಜಿನ್ ಗನ್ ಆದರೆ ಖಾಲಿಯಾಗಿ ನಿಲ್ಲುತ್ತದೆ. ಬೆಲ್ಟ್ ಗನ್ ಆದರೆ ಜೊತೆಯವನು ಬೆಲ್ಟನ್ನು ತಿರುಚಿ ತಡೆಯುತ್ತಾನೆ. ಗನ್ ಬಿಟ್ಟು ಎದ್ದರೆ ಪ್ರಾಣ ಹೋಗುತ್ತದೆ. ಆಮೇಲೆ ಆ ಗನ್ ಪರೀಕ್ಷೆ ಆಗದೆ ಮತ್ತೆ ರೇಂಜಿಗೆ ಬರಬಾರದು.

ಕುಂಬಳೆ_ಕೋಟೆ

ಪೊಲೀಸರ ಕೈಯಲ್ಲಿ ನೋಡುವ ಹಳೆಯ 9 ಎಂಎಂ ಕಾರ್ಬೈನ್, ಬದಿಗೆ ಮ್ಯಾಗಜಿನ್ ಇರುವುದು, ಅದೇ ಸ್ಟರ್ಲಿಂಗ್ ಅಲ್ಲವೋ?

ಅಡೂರು_ಮಾಜಿ_ಹವಾಲ್ದಾರ್

ಅದೇ. ಮ್ಯಾಗಜಿನ್ 34ರದ್ದು, ಎಡಬದಿಗೆ. ಬ್ರಿಟಿಷ್ ಸ್ಟರ್ಲಿಂಗಿನ ಚೇಂಜ್ ಲಿವರಿನಲ್ಲಿ ಆಟೋ ಜಾಗದಲ್ಲಿ "34" ಎಂದೂ ಒಂಟಿ ಗುಂಡಿಗೆ "1" ಎಂದೂ ಕೊರೆದಿರುತ್ತದೆ. ವೇಗ ನಿಮಿಷಕ್ಕೆ 550ರ ಆಸುಪಾಸು. ಗುಂಡು ಸಣ್ಣದು, ಬೋಲ್ಟ್ ಭಾರ, ಹಾಗಾಗಿ ಎಕೆಗಿಂತ ಹಿಡಿತಕ್ಕೆ ಸುಲಭ.

ಬದಿಯ ಮ್ಯಾಗಜಿನ್ ಹಿಡಿಕೆಯಂತೆ ಕಂಡು ಹೊಸಬರು ಅದನ್ನೇ ಹಿಡಿಯುತ್ತಾರೆ. ಹಿಡಿದರೆ ರೌಂಡ್ ಏರುವ ಕೋನ ತಪ್ಪಿ ರೋಕ್ ಬರಬಹುದು. ಕೈ ತೂತುಗಳಿರುವ ಕೇಸಿಂಗಿನ ಮೇಲೆ ಇರಬೇಕು, ಖೋಖಾ ಹೊರಬರುವ ಬಾಯಿಯಿಂದ ದೂರ. ಅಲ್ಲಿ ಬೆರಳು ಜಾರದಿರಲಿ ಎಂದೇ ಒಂದು ತಡೆ ಇಟ್ಟಿದ್ದಾರೆ. ತೆರೆದ ಬೋಲ್ಟಿನ ಆಯುಧವಾದ್ದರಿಂದ ಟ್ರಿಗರ್ ಒತ್ತಿದಾಗ ಭಾರದ ಬೋಲ್ಟ್ ಮುಂದೆ ಓಡಿ ಆಮೇಲೆ ಗುಂಡು ಹಾರುತ್ತದೆ. ಆ ಓಟಕ್ಕೆ ಶಿಸ್ತ್ ಕದಲುತ್ತದೆ. 25 ಮೀಟರಿನೊಳಗೆ ಅದು ತೊಂದರೆಯಲ್ಲ.

ಪೆರ್ಲ_ಎಲ್‌ಎಂಜಿ

ಎಲ್‌ಎಂಜಿ ಬಗ್ಗೆ ಯಾರೂ ಬರೆಯಲಿಲ್ಲ. ಆಟೋ ಎಂದರೆ ನಿಜವಾಗಿ ಅದರ ಕೆಲಸ. ಭಾರ ಇದೆ, ಎರಡು ಕಾಲಿನ ಬೈಪಾಡ್ ಇದೆ. ಬೈಪಾಡ್ ಊರಿ ಮಲಗಿದ ಮೇಲೆ ಮೈಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಕಾಲುಗಳಿಗೆ ಒತ್ತು ಕೊಡಬೇಕು. ಸಡಿಲ ಬಿಟ್ಟರೆ ಬೈಪಾಡ್ ಕುಣಿಯುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಇದು ಇನ್ನೂ ಕಷ್ಟ, ಕಾಲು ಊರುವುದೇ ಇಲ್ಲ, ಜಾರುತ್ತದೆ. ಮರಳು ಚೀಲದ ಮೇಲೋ ಕೆರೆದ ಸಣ್ಣ ಗುಳಿಯಲ್ಲೋ ಇಡಬೇಕು.

ಬರ್ಸ್ಟ್ ನಾಲ್ಕೈದರದ್ದು, ನಡುವೆ ಶಿಸ್ತ್ ನೋಡುವಷ್ಟು ಬಿಡುವು. 7.62 ಎಂಎಂ ಗುಂಡಿನ ಹಳೆಯ ಎಲ್‌ಎಂಜಿ ಬ್ರೆನ್ ವಂಶದ್ದು. ವೇಗದ ಹೊಡೆತ ಎಂದರೆ ನಿಮಿಷಕ್ಕೆ ನಾಲ್ಕು ಮ್ಯಾಗಜಿನ್. ಹತ್ತು ಮ್ಯಾಗಜಿನ್ ಆದ ಮೇಲೆ ಬ್ಯಾರೆಲ್ ಬದಲಿಸಬೇಕು. ಎಂಎಜಿ ಬೆಲ್ಟಿನದ್ದು, ಓಟ ನಿಮಿಷಕ್ಕೆ 650ರಿಂದ 1000. ನಿಮಿಷಕ್ಕೆ 200ರಂತೆ ಹೊಡೆದರೆ ಎರಡು ನಿಮಿಷಕ್ಕೊಮ್ಮೆ ಬ್ಯಾರೆಲ್ ಬದಲು, 100ರಂತೆ ಹೊಡೆದರೆ ಹತ್ತು ನಿಮಿಷಕ್ಕೊಮ್ಮೆ. ಬದಲಿಸದೆ ಹಟ ಹಿಡಿದರೆ ಬ್ಯಾರೆಲಿನ ಒಳಗಿನ ಸುರುಳಿ ಗೀರು ಸವೆದು ಗುಂಡು ಅಡ್ಡಾದಿಡ್ಡಿ ಹೋಗುತ್ತದೆ. ಬ್ಯಾರೆಲ್ ಹಿಡಿಕೆಯಿಂದ ಮಾತ್ರ ಎತ್ತಿ. ತೆಗೆದ ಬಿಸಿ ಬ್ಯಾರೆಲ್ಲನ್ನು ಒಣಹುಲ್ಲಿನ ಮೇಲೆ ಇಡಬೇಡಿ, ಬೇಸಿಗೆಯಲ್ಲಿ ಮುಳಿಹುಲ್ಲಿಗೆ ಬೆಂಕಿ ಹಿಡಿಯಲು ಅಷ್ಟು ಸಾಕು.

ಬೆಲ್ಟಿನಲ್ಲಿ ರೋಕ್ ಬರುವುದು ಹೆಚ್ಚಾಗಿ ಬೆಲ್ಟ್ ತಿರುಚಿದ್ದರಿಂದ, ಇಲ್ಲವೇ ನೆಲದಲ್ಲಿ ಎಳೆದು ಮಣ್ಣು ಹಿಡಿದದ್ದರಿಂದ. ಎರಡನೆಯವನ ಕೆಲಸ ಬೆಲ್ಟನ್ನು ಅಂಗೈ ಮೇಲೆ ಸಮತಟ್ಟಾಗಿ ಊಡುವುದು.

ಉಪ್ಪಳ_ಪರದೇಶಿ

ಪ್ರವಾಸದ ರೇಂಜಿಗೆ ಹೋಗುವವರಿಗೆ ಎಂತ ಹೇಳುತ್ತೀರಿ? ಮಕ್ಕಳನ್ನೂ ಕರೆದುಕೊಂಡು ಹೋಗುವವರು ಇದ್ದಾರೆ.

ಅಡೂರು_ಮಾಜಿ_ಹವಾಲ್ದಾರ್

ಮಕ್ಕಳ ಕೈಗೆ ಆಟೋ ಬೇಡವೇ ಬೇಡ. ಇದರಲ್ಲಿ ಚೌಕಾಸಿ ಇಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾದ ಒಂದು ರೇಂಜಿನಲ್ಲಿ ಒಂಬತ್ತು ವರ್ಷದ ಹುಡುಗಿಯ ಕೈಗೆ ಉಜಿ (ಗಿಡ್ಡ ಸಬ್‌ಮೆಷಿನ್ ಗನ್) ಕೊಟ್ಟರು. ಮೊದಲು ಒಂಟಿ ಗುಂಡು, ಸರಿಯಾಗಿಯೇ ಹೊಡೆದಳು. ಕೂಡಲೇ ಆಟೋಗೆ ಹಾಕಿದರು. ಆಯುಧ ಎಡಕ್ಕೆ ಮೇಲಕ್ಕೆ ತಿರುಗಿ ಪಕ್ಕದಲ್ಲಿ ನಿಂತ ಕಲಿಸುವವನೇ ಸತ್ತ. 2008ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಎಂಟು ವರ್ಷದ ಹುಡುಗನ ಕೈಯಲ್ಲಿ ಮೈಕ್ರೋ ಉಜಿ ತಿರುಗಿ ಅವನ ತಲೆಗೇ ಬಿತ್ತು. ಗಿಡ್ಡ ಆಯುಧ, ಸಣ್ಣ ಕೈ, ಹಗುರ ಮೈ, ತುಂಬಿದ ಮ್ಯಾಗಜಿನ್, ಇವು ಒಟ್ಟಾದರೆ ಪಕ್ಕದವರು ಎಷ್ಟು ಚುರುಕಾಗಿದ್ದರೂ ಪ್ರಯೋಜನ ಇಲ್ಲ.

ದೊಡ್ಡವರಾದರೂ ಮೊದಲ ಸಲದ ಕ್ರಮ ಇದು: ಆಟೋದಲ್ಲಿ ಹಾಕಿ, ಆದರೆ ಮ್ಯಾಗಜಿನ್ನಿನಲ್ಲಿ ಒಂದೇ ರೌಂಡ್. ಆಮೇಲೆ ಎರಡು. ಆಮೇಲೆ ಮೂರು. ಮೂರೂ ಟಾರ್ಗೆಟಿನಲ್ಲಿ ಬಿದ್ದರೆ ಐದು. ಮೂತಿ ಎಷ್ಟು ಏರಿದರೂ ಗುಂಡು ಮುಗಿದಿರುತ್ತದೆ. ಕಲಿಸುವವನು ಬಲಗೈಯವನ ಬಲ ಹಿಂಭಾಗದಲ್ಲಿ, ಅವನ ಭುಜಕ್ಕೆ ಕೈ ಎಟಕುವಷ್ಟು ಹತ್ತಿರ ನಿಲ್ಲಬೇಕು, ಎಂದೂ ಮುಂದಲ್ಲ. ಕೂ ಚಿಯಲ್ಲಿ ಆಯುಧವನ್ನು ಸ್ಟ್ಯಾಂಡಿಗೇ ಬಿಗಿದಿರುತ್ತಾರೆ, ಆ ಮಟ್ಟಿಗೆ ಒಳ್ಳೆಯದು.

ಕೊರಳಿನ ಗುಂಡಿ ಹಾಕಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಪಕ್ಕದವನ ಆಯುಧದಿಂದ ಹಾರಿದ ಸುಡುವ ಖೋಖಾ ಅಂಗಿಯೊಳಗೆ ಬಿದ್ದರೆ ಮನುಷ್ಯ ಕುಣಿಯುತ್ತಾನೆ, ತುಂಬಿದ ಆಯುಧ ಕೈಯಲ್ಲೇ ಇರುತ್ತದೆ, ಮೂತಿ ಅವನ ಜೊತೆ ತಿರುಗುತ್ತದೆ. ಸುಟ್ಟರೆ ಸುಡಲಿ, ಮೊದಲು ಬೆರಳು ಹೊರಗೆ, ಆಯುಧ ಕೆಳಗೆ.

ಕಿವಿಗೆ ಒಳಗಿನ ಬಿರಡೆ ಮತ್ತು ಮೇಲಿನ ಮುಚ್ಚಳ, ಎರಡೂ ಬೇಕು. ತಗಡಿನ ಮಾಡಿನ ಕೆಳಗೆ ಸದ್ದು ಬಡಿದು ವಾಪಸು ಬರುತ್ತದೆ. ಒಂದೇ ದಿನದಲ್ಲಿ ಹಾಳಾದ ಕಿವಿಯ ಕುಂಯ್ ಜೀವಮಾನ ಇಡೀ ಇರುತ್ತದೆ. ಹೊಡೆದ ಮೇಲೆ ಕೈ ಮುಖ ತೊಳೆಯದೆ ತಿನ್ನಬೇಡಿ, ಸೀಸದ ಪುಡಿ ಇರುತ್ತದೆ.

ಮುಳ್ಳೇರಿಯ_ವಕೀಲ

ಕಾನೂನು ಸ್ಪಷ್ಟವಾಗಿ ಬರೆಯುತ್ತೇನೆ. 1959ರ ಆಯುಧ ಕಾಯ್ದೆಯಲ್ಲಿ ನಿಷೇಧಿತ ಆಯುಧದ ವ್ಯಾಖ್ಯೆಯೇ ಇದು: ಟ್ರಿಗರ್ ಒತ್ತಿದರೆ, ಒತ್ತುವುದು ಬಿಡುವ ತನಕ ಅಥವಾ ಮ್ಯಾಗಜಿನ್ ಖಾಲಿಯಾಗುವ ತನಕ ಗುಂಡು ಹೊರಡುತ್ತಲೇ ಇರುವಂಥದ್ದು. 7ನೇ ಕಲಂ ಪ್ರಕಾರ ಕೇಂದ್ರ ಸರಕಾರದ ವಿಶೇಷ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಟ್ಟುಕೊಂಡದ್ದಕ್ಕೇ ಕನಿಷ್ಠ 7 ವರ್ಷ, 14 ವರ್ಷದ ತನಕ ಸಜೆ. ಅಮೆರಿಕದಲ್ಲಿ ಕೂಡ 1986ರ ಮೇ 19ರ ನಂತರದ ಮೆಷಿನ್ ಗನ್ ಖಾಸಗಿಯವರಿಗೆ ಸಿಗುವುದಿಲ್ಲ, ಅಲ್ಲಿ ಓಡಾಡುವುದು ಅದಕ್ಕಿಂತ ಹಳೆಯ ನೋಂದಾಯಿತ ಆಯುಧಗಳು. ಹಾಗಾಗಿ ನಮ್ಮಲ್ಲಿ ಆಟೋ ಹೊಡೆಯುವ ದಾರಿ ಸಮವಸ್ತ್ರ ಒಂದೇ.

ಪ್ರವಾಸಿಗರಿಗೆ ಮುಖ್ಯ ಮಾತು: ನೆನಪಿಗೆಂದು ಖೋಖಾ ಕೂಡ ತರಬೇಡಿ. ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಅದರ ಭಾಗಗಳೂ ಸೇರುತ್ತವೆ. ರೇಂಜಿಗೆ ಒಯ್ದ ಚೀಲವನ್ನೇ ವಿಮಾನಕ್ಕೆ ಒಯ್ಯುವುದಾದರೆ ಪ್ರತಿಯೊಂದು ಜೇಬನ್ನೂ ಮಗುಚಿ ಕೊಡವಿ ನೋಡಿ. ಮಂಗಳೂರಿನಲ್ಲಾಗಲಿ ಕಣ್ಣೂರಿನಲ್ಲಾಗಲಿ ಎಕ್ಸ್‌ರೇಯಲ್ಲಿ ಒಂದು ಜೀವಂತ ರೌಂಡ್ ಕಂಡರೆ ಕೇಸ್ ದಾಖಲಾಗುತ್ತದೆ. ತಿಳಿಯದೆ ಉಳಿದದ್ದು ಎಂದು ಹೈಕೋರ್ಟಿನಲ್ಲಿ ರದ್ದಾದ ಪ್ರಕರಣಗಳು ಉಂಟು, ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ಓಡಾಟ ಶುರುವಾಗಿರುತ್ತದೆ.

ಕಾಟುಕುಕ್ಕೆ_ಅಡಿಕೆ

ವಕೀಲ್ರೇ, ಹಂದಿ ಕಾಟಕ್ಕೆ ಲೈಸೆನ್ಸ್ ಕೋವಿ ಇಟ್ಟುಕೊಂಡವರು ಹೆಚ್ಚು ವೇಗದ್ದು ಕೇಳಬಹುದೋ?

ಮುಳ್ಳೇರಿಯ_ವಕೀಲ

ಆಟೋ ಖಂಡಿತ ಇಲ್ಲ. ಕೇರಳದಲ್ಲಿ 2022ರಿಂದ ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರ ಪಂಚಾಯತಿಗೆ ಸಿಕ್ಕಿದೆ. ಹೊಡೆಯುವವರು ಲೈಸೆನ್ಸ್ ಇರುವ ಕೋವಿಯವರೇ. 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆ ಸಾಕು, ತೋಟದ ರಾತ್ರಿಯಲ್ಲಿ ಒಂದು ಸರಿಯಾದ ಈಡಿಗಿಂತ ಹೆಚ್ಚು ಅವಕಾಶ ಹಂದಿ ಕೊಡುವುದೂ ಇಲ್ಲ. ಒಬ್ಬರಿಗೆ ಈಗ ಎರಡೇ ಆಯುಧ, 2019ರ ಮೊದಲು ಮೂರು ಇತ್ತು.

ನೀರ್ಚಾಲು_ತೋಟ

ಎಲ್ಲರಿಗೂ ಉಪಕಾರ. ಕೊನೆಗೆ ಒಂದು: ಸಾಫ್ ಸಫಾಯಿ. ನಮ್ಮ ಕರಾವಳಿಯ ಮಳೆಗೆ ಕತ್ತಿಯೇ ಒಂದು ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಆಟೋ ಹೊಡೆದ ಆಯುಧಕ್ಕೆ ಬೇರೆ ಕ್ರಮ ಉಂಟೋ?

ಬದಿಯಡ್ಕ_ಆರ್ಮರರ್

ಉಂಟು. ಬ್ಯಾರೆಲ್ ಬೆಚ್ಚಗಿರುವಾಗಲೇ ಶುರು ಮಾಡಿದರೆ ಇಂಗಾಲ ಸುಲಭವಾಗಿ ಬಿಡುತ್ತದೆ. ಪುಲ್ ಥ್ರೂಗೆ (ಬ್ಯಾರೆಲ್ ಒರೆಸುವ ಹಗ್ಗಕ್ಕೆ) 4 ಇಂಚು 2 ಇಂಚಿನ ಒಣ ಚಿಂದಿ ಹಾಕಿ ಛೇಂಬರ್ ಕಡೆಯಿಂದ ಮೂತಿಗೆ ಒಂದೇ ಎಳೆತ, ನಡುವೆ ನಿಲ್ಲಿಸಬಾರದು. ಹಗ್ಗ ಮೂತಿಯ ಅಂಚಿಗೆ ಉಜ್ಜದಿರಲಿ, ಉಜ್ಜಿದ ಜಾಗ ಸವೆದು ಗುಂಡು ಓಡುವ ದಿಕ್ಕೇ ಕೆಡುತ್ತದೆ. ಚಿಂದಿ ಬೆಳ್ಳಗೆ ಬರುವ ತನಕ. ಆಮೇಲೆ 4 ಇಂಚು ಒಂದೂವರೆ ಇಂಚಿನ ಚಿಂದಿಯಲ್ಲಿ ಎಣ್ಣೆ. ಹಳೆಯ 7.62 ಮದ್ದಿನ ಟೋಪಿಯಲ್ಲಿ ಉಪ್ಪಿನ ಅಂಶ ಇದ್ದರೆ ಎಣ್ಣೆಗೆ ಅದು ಕರಗುವುದಿಲ್ಲ, ಮೊದಲು ಕುದಿಯುವ ನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಆಟೋ ಹೊಡೆದ ದಿನ ಹೆಚ್ಚು ಹೊತ್ತು ಬೇಕಾದ್ದು ಪಿಸ್ಟನ್ ತಲೆಗೆ ಮತ್ತು ಗ್ಯಾಸ್ ಸಿಲಿಂಡರಿಗೆ. ಇಂಗಾಲ ಅಲ್ಲಿ ಗಟ್ಟಿಯಾಗಿ ಪದರ ಕಟ್ಟುತ್ತದೆ. ಕೆರೆದು ತೆಗೆದ ಮೇಲೆ ಅಲ್ಲಿ ಎಣ್ಣೆ ಸುರಿಯಬೇಡಿ, ಮುಂದಿನ ಸಲ ಅದು ಉರಿದು ಇನ್ನೂ ಗಟ್ಟಿ ಕಟ್ಟುತ್ತದೆ, ಹೊಡೆಯುವವನ ಮುಖಕ್ಕೂ ಸಿಡಿಯುತ್ತದೆ. ಒರೆಸಿದಷ್ಟು ಸಾಕು. ಮ್ಯಾಗಜಿನ್ ಒಳಗೆ, ರೌಂಡಿನ ಮೇಲೆ ಎಣ್ಣೆ ಬೇಡವೇ ಬೇಡ. ಬೋಲ್ಟಿನ ತಲೆ, ಅದು ಜಾರುವ ದಾರಿ, ಇಲ್ಲಿ ತೆಳ್ಳಗೆ ಬೇಕು.

ಒಂದು ದಿನಕ್ಕೆ ಮುಗಿಸಿ ಕೋತ್‌ಗೆ (ಆಯುಧ ಇಡುವ ಕೋಣೆಗೆ) ಒಪ್ಪಿಸಿದರೆ ಆಗುವುದಿಲ್ಲ. ಬ್ಯಾರೆಲಿನ ಸೂಕ್ಷ್ಮ ಗೀರುಗಳಲ್ಲಿ ಉಳಿದದ್ದು ಮರುದಿನ ಬೆವರಿನಂತೆ ಹೊರಗೆ ಬರುತ್ತದೆ, ಹಾಗಾಗಿ ಮೂರು ದಿನ ಬಿಡದೆ ಚಿಂದಿ ಎಳೆಯಬೇಕು. ಆಟಿಯ ಮಳೆಯಲ್ಲಿ ನಾಲ್ಕನೇ ದಿನವೂ ಒಮ್ಮೆ ನೋಡಿ. ಕ್ಯಾನ್ವಾಸ್ ಚೀಲದಲ್ಲಿ ಮುಚ್ಚಿಡಬೇಡಿ, ಬಟ್ಟೆ ನೀರು ಹೀರಿ ಕಬ್ಬಿಣಕ್ಕೆ ಕೊಡುತ್ತದೆ. ಚರಣಿಗೆಯಲ್ಲಿ ತೆರೆದು ನಿಲ್ಲಿಸಿ.